ಸಿಂಥಸೈಜರಿನ ಮೂರು ಸ್ಕ್ರೂಗಳು

ದೆವ್ವ, ಮಾಟ, ದೃಷ್ಟಿ ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದೇನೆ. ಯಂತ್ರ ಕೆಟ್ಟರೆ ಬೆಸುಗೆ ಬಿಟ್ಟಿರಬೇಕು, ಇಲ್ಲವೇ ನಾನು ತಪ್ಪು ಮಾಡಿರಬೇಕು. ಮೂರನೆಯ ಕಾರಣ ಇರುವುದಿಲ್ಲ ಎಂದುಕೊಂಡಿದ್ದೆ. ಮುಂದಿನದನ್ನು ಓದಿ ನೀವು ನಗಬಹುದು. ಮೂರು ವರ್ಷದ ಹಿಂದೆ ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಮಂಜುನಾಥ ಶಿಕಾರಿಪುರದಲ್ಲಿ ರೆಕಾರ್ಡಿಂಗ್ ರೂಮು ನಡೆಸುತ್ತಾನೆ. ನಂಟನೇನಲ್ಲ, ಅವನಲ್ಲಿ ಯಂತ್ರಗಳ ಕೆಲಸ ನೋಡಿಕೊಳ್ಳುತ್ತಿದ್ದೆ, ಎದುರಿಗೆ ಮಂಜಣ್ಣ ಎನ್ನುತ್ತಿದ್ದೆ. ಬರಹದಲ್ಲಿ ಅಷ್ಟು ಮರ್ಯಾದೆ ಬೇಡ. ಕಿಟ್ ತರಿಸಿ ಕರೆಂಟಿನಿಂದ ನಾದ ಹೊರಡಿಸುವ, ಒಂದೇ ನಮೂನೆಯ ಎರಡು ಅನಲಾಗ್ ಸಿಂಥಸೈಜರ್‌ಗಳನ್ನು ನಾನೇ ಜೋಡಿಸಿದ್ದೆ. ಒಂದು ಅವನ ರೂಮಿನಲ್ಲಿತ್ತು, ಇನ್ನೊಂದು ಸೊರಬ ತಾಲ್ಲೂಕಿನ ಹೊಸಬಾಳೆಯ ನಮ್ಮ ಮನೆಯಲ್ಲಿ. ಈ ವಾದ್ಯಕ್ಕೆ ನೆನಪಿನ ಶಕ್ತಿಯಿಲ್ಲ. ಇಂದು ಸಿಕ್ಕ ನಾದ ನಾಳೆಯೂ ಬೇಕೆಂದರೆ ಯಾವ ಗುಂಡಿ ಎಲ್ಲಿ ನಿಂತಿದೆ ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ನನಗೆ ಬರೆದಿಡುವ ರೋಗ ಮೊದಲೇ ಇತ್ತು. ದಿನ, ಹೊತ್ತು, ಎಣಿಕೆ ಎಲ್ಲವೂ ದಿನಚರಿಗೆ ಹೋಗುತ್ತಿದ್ದವು.

ಊರಿನ ಅಕ್ಕಿ ಗಿರಣಿಯ ಬೆಲ್ಟು ಸುತ್ತುವ ಲಯ ಹಿಡಿದು ಹನ್ನೊಂದು ದಿನ ಕೂತು ಒಂದು ಟ್ಯೂನು ಕಟ್ಟಿದೆ. ಗುಂಡಿಗಳ ಪಟ್ಟಿ ಸಮೇತ ಅದನ್ನು ಮಂಜುನಾಥನಿಗೆ ಕಲಿಸಿಕೊಟ್ಟೆ. ತಿಂಗಳೊಪ್ಪತ್ತಿನಲ್ಲಿ ಅದು ಅವನದಾಯಿತು. ನನ್ನ ಎದುರಿಗೇ ತನ್ನದೆಂದು ಹೇಳಿಕೊಂಡದ್ದು ಹದಿನಾಲ್ಕು ಸಲ, ದಿನಚರಿಯಲ್ಲಿ ಗೀಟುಗಳಿವೆ. ಒಮ್ಮೆ ರೆಕಾರ್ಡಿಂಗಿಗೆ ಬಂದ ಹಿರಿಯರೊಬ್ಬರು ನನ್ನತ್ತ ನೋಡಿ, "ಈಕೆ ಯಾರ್ರೀ?" ಎಂದರು.

"ನಮ್ ತಂಗಿ ರೀ. ವೈರ್ ಚುಚ್ಚಿ ಕೊಡ್ತಾಳೆ" ಎಂದ ಮಂಜುನಾಥ.

"ನೀನೂ ನುಡಿಸ್ತೀಯೇನವ್ವಾ?" ಎಂದು ಅವರು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನಕ್ಕ. "ಅವಳ ಕೈಗೊಂದು ಸ್ಕ್ರೂಡ್ರೈವರ್ ಕೊಟ್ರೆ ಸಾಕ್ರಿ, ಮತ್ತೇನೂ ಕೇಳಂಗಿಲ್ಲ."

ಶಿಕಾರಿಪುರದ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಆ ಟ್ಯೂನನ್ನು ಅವನು ವೇದಿಕೆಯ ಮೇಲೆ ನುಡಿಸುವುದೆಂದು ಗೊತ್ತಾಯಿತು. ಅಷ್ಟು ಜನರ ಮುಂದೆ ಒಮ್ಮೆ ಅವನದೆನಿಸಿಕೊಂಡರೆ ಮತ್ತೆ ನನ್ನದಾಗುವಂತಿರಲಿಲ್ಲ. ಅಷ್ಟೂ ಜನರ ಮುಂದೆಯೇ ಅವನ ಮಾನ ಹೋಗಲಿ ಎಂದು ನಿರ್ಧರಿಸಿದೆ.

ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಅವನು ಊಟಕ್ಕೆ ಹೋದಾಗ ಅವನ ವಾದ್ಯದ ಹಿಂಬದಿಯ ಮುಚ್ಚಳ ತೆಗೆದೆ. ವಾದ್ಯದ ಮೂರು ದನಿಗಳ ಶ್ರುತಿ ಕೂಡಿಸಲು ಒಳಗೆ ದನಿಗೊಂದರಂತೆ ಮೂರು ಸಣ್ಣ ಸ್ಕ್ರೂಗಳಿವೆ. ಮೊದಲನೆಯದನ್ನು ಎರಡು ಸುತ್ತು, ಎರಡನೆಯದನ್ನು ಮೂರೂವರೆ, ಮೂರನೆಯದನ್ನು ಒಂದೂಕಾಲು ಸುತ್ತು ಬಲಕ್ಕೆ ತಿರುಗಿಸಿದೆ. ನುಡಿಸಿ ನೋಡಿದೆ, ಕಿವಿ ಮುಚ್ಚಿಕೊಳ್ಳುವಂಥ ಅಪಸ್ವರ. ಸುತ್ತುಗಳನ್ನು ದಿನಚರಿಯಲ್ಲಿ ಬರೆದು, ಮೂರೂ ಸ್ಕ್ರೂಗಳ ಮೇಲೆ ಉಗುರುಬಣ್ಣ ಹಚ್ಚಿ ಮುಚ್ಚಿದೆ. ಯಾರು ತಿರುಗಿಸಿದರೂ ಬಣ್ಣ ಬಿರಿಯಬೇಕು. ಅವನಿಗೆ ರಿಹರ್ಸಲ್ ಮಾಡುವ ಅಭ್ಯಾಸವಿಲ್ಲ, ಮುಚ್ಚಳ ತೆಗೆಯಲೂ ಬರುವುದಿಲ್ಲ. ಮುಚ್ಚಳ ಮತ್ತೆ ಬಿಗಿದಾಗ ಗಂಟೆ ಎರಡೂ ಹತ್ತು, ಅದನ್ನೂ ಬರೆದುಕೊಂಡಿದ್ದೇನೆ.

ಗುರುವಾರ ಬೆಳಿಗ್ಗೆ ಮೂರನೆಯ ಸಾಲಿನಲ್ಲಿ ಕೂತು ಕಾದೆ. ಮಂಜುನಾಥ ನುಡಿಸಿದ. ಒಂದು ಕೂದಲೆಳೆಯೂ ಶ್ರುತಿ ತಪ್ಪಲಿಲ್ಲ. ನನ್ನ ಕೈಯಲ್ಲೂ ಅದು ಅಷ್ಟು ಶುದ್ಧವಾಗಿ ನುಡಿದಿರಲಿಲ್ಲ. ಚಪ್ಪಾಳೆ ನಿಂತ ಮೇಲೆ ಮೈಕ್ ಹಿಡಿದು, "ಇದು ನನ್ನ ಸ್ವಂತ ಕಲ್ಪನೆ ರೀ" ಎಂದ. ಸಾಮಾನು ಕಟ್ಟುವ ನೆಪದಲ್ಲಿ ವೇದಿಕೆಯ ಹಿಂದೆ ಹೋಗಿ ಮುಚ್ಚಳ ತೆಗೆದು ನೋಡಿದೆ. ಮೂರು ಸ್ಕ್ರೂಗಳ ಮೇಲೂ ಬಣ್ಣ ಹಚ್ಚಿದ ಹಾಗೇ ಇತ್ತು.

ಸಂಜೆ ಐದರ ಹೊತ್ತಿಗೆ ಮನೆ ಸೇರಿದೆ. ಸಿಟ್ಟು ತೀರಲು ನನ್ನ ವಾದ್ಯಕ್ಕೆ ಸ್ವಿಚ್ ಹಾಕಿ, ಬಿಸಿಯಾಗಲು ಅರ್ಧ ಗಂಟೆ ಬಿಟ್ಟು, ಅದೇ ಟ್ಯೂನು ನುಡಿಸಿದೆ. ನಿನ್ನೆ ಮಧ್ಯಾಹ್ನ ಅವನ ರೂಮಿನಲ್ಲಿ ಕೇಳಿದ ಅದೇ ಅಪಸ್ವರ ಬಂತು.

ಕೋಣೆಗೆ ಯಾರಾದರೂ ಬಂದಿದ್ದರೇ ಎಂದು ಅಮ್ಮನನ್ನು ಕೇಳಿದೆ. "ಯಾರ್ ಬರ್ತಾರೆ ಮಾರಾಯ್ತಿ? ನಿನ್ ವೈರ್ ನೋಡಿ ಬೆಕ್ಕೂ ಕಾಲಿಡಲ್ಲ" ಎಂದರು.

ಮುಚ್ಚಳ ತೆಗೆದು ಸ್ಕ್ರೂಗಳನ್ನು ಒಂದೊಂದಾಗಿ ಎಡಕ್ಕೆ ತಿರುಗಿಸುತ್ತ, ಶ್ರುತಿ ಕೂಡುವವರೆಗೆ ಸುತ್ತು ಎಣಿಸಿದೆ. ಮೊದಲನೆಯದು ಎರಡು. ಎರಡನೆಯದು ಮೂರೂವರೆ. ಮೂರನೆಯದು ಒಂದೂಕಾಲು. ದಿನಚರಿ ತೆಗೆದು ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. ಆಗ ಮಂಜುನಾಥನ ಫೋನು ಬಂತು.

"ತಂಗೀ, ಎಲ್ಲಿದ್ದೀ? ಪ್ರಿನ್ಸಿಪಾಲ್ರು ಮತ್ತೊಮ್ಮೆ ಕೇಳ್ಬೇಕು ಅಂತ ರೂಮಿಗೆ ಬಂದಾರೆ. ಚಲೋ ನುಡೀತಿತ್ತು. ಈಗ ಐದು ನಿಮಿಷದಾಗೆ ಮೂರೂ ದನಿ ಒಂದೊಂದೇ ಶ್ರುತಿ ಬಿಟ್ಟು ಜಾರಿ ಹೋದ್ವು. ಯಾರೂ ಮುಟ್ಟಿಲ್ಲ ನೋಡು."

ಸ್ಕ್ರೂಡ್ರೈವರನ್ನು ಕೆಳಗಿಟ್ಟೆ. ಸಿಟ್ಟು ಮಾತ್ರ ತಣ್ಣಗಾಗಲಿಲ್ಲ. "ನಿಮ್ ಟ್ಯೂನು ಅಲ್ವಾ ಮಂಜಣ್ಣ, ನೀವೇ ನೋಡ್ಕಳಿ" ಎಂದೆ.

ಅವನು ದನಿ ತಗ್ಗಿಸಿದ. "ನಿಂದೇ ಮಾರಾಯ್ತಿ, ನಿಂದೇ. ನಾಳೆ ಬಂದು ಸರಿ ಮಾಡು."

"ಜೋರಾಗಿ ಹೇಳಿ. ಅವ್ರಿಗೂ ಕೇಳ್ಲಿ."

 ಅವನು ಫೋನು ಕಟ್ ಮಾಡಿದ.

ಆಮೇಲೆ ಇಬ್ಬರು ಮೆಕ್ಯಾನಿಕ್‌ಗಳು ನೋಡಿದರಂತೆ. ಸರಿಮಾಡಿದ ಮರುದಿನವೇ ಮತ್ತೆ ಜಾರುತ್ತದಂತೆ. ನನ್ನದು ಮಾತ್ರ ಈ ಮೂರು ವರ್ಷದಲ್ಲಿ ಬೇಸಿಗೆ, ಚಳಿ ಯಾವುದಕ್ಕೂ ಅಲುಗಿಲ್ಲ. ಸೆಕೆ, ಚಳಿಗೆ ಶ್ರುತಿ ಜಾರುವುದೇ ಅನಲಾಗ್ ಯಂತ್ರದ ಗುಣ, ಅದು ಹಾಗಿರಲು ಸಾಧ್ಯವಿಲ್ಲ. ನಾನು ಓದಿದ ವಿದ್ಯೆಯಲ್ಲಿ ಇದಕ್ಕೆ ಉತ್ತರವಿಲ್ಲ. ಪರೀಕ್ಷಿಸಲು ಒಂದೇ ದಾರಿಯಿದೆ. ನನ್ನದರ ಸ್ಕ್ರೂಗಳನ್ನು ಮತ್ತೆ ಅಷ್ಟೇ ಸುತ್ತು ಬಲಕ್ಕೆ ತಿರುಗಿಸಿ, ಅವನದು ಸರಿಹೋಗುತ್ತದೆಯೇ ಎಂದು ನೋಡಬೇಕು. ಅವನಿಗೆ ಅಷ್ಟು ಉಪಕಾರ ಮಾಡಿ ಸತ್ಯ ತಿಳಿದುಕೊಳ್ಳುವ ಮನಸ್ಸು ನನಗೆ ಇನ್ನೂ ಬಂದಿಲ್ಲ.