ಮೂಲೆ ಸುಟ್ಟ ಲಗ್ನಪತ್ರಿಕೆ

ಕಳೆದ ವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ ರೆಕ್ಸಿನ್ ಸುಟ್ಟ ವಾಸನೆ ಬಂತು. ಯಾರದೋ ಬೈಕು ಸುಡುತ್ತಿದೆ ಎಂದುಕೊಂಡು ನಾನು ನೆಮ್ಮದಿಯಾಗಿ ಇನ್ನೊಂದು ಇಡ್ಲಿ ಹೇಳಿದೆ. ನೀವಾದರೂ ಹಾಗೇ ಮಾಡುತ್ತಿದ್ದಿರಿ. ಎದ್ದು ಹೋಗಿ ನೋಡಿದರೆ ವಾಸನೆ ನನ್ನದೇ ಬೈಕಿನ ಬಲಗಡೆಯ ಬ್ಯಾಗಿನದು. ಒಳಗಿದ್ದದ್ದು ನನ್ನ ಮಗಳ ಲಗ್ನಪತ್ರಿಕೆಗಳು.

ಈ ವಾಸನೆ ನನಗೆ ಹಳೆಯ ಪರಿಚಯ. ಕೊತ್ತಗೆರೆಯ ನನ್ನ ಚಿಕ್ಕಪ್ಪ ಬೈಕಿನ ಎರಡೂ ಕಡೆ ಬ್ಯಾಗು ನೇತುಹಾಕಿದ್ದರು. ಬಲಗಡೆಯದು ಸೈಲೆನ್ಸರಿಗೆ ಒರಗಿಕೊಳ್ಳುತ್ತಿತ್ತು. ನಡುವೆ ಒಂದು ತಗಡು ಹಾಕಿಸಿ, ಎರಡು ಬೆರಳು ಸಂದು ಬಿಡಿ ಎಂದು ಕುಣಿಗಲ್ಲಿನ ಮೆಕ್ಯಾನಿಕ್ ಹೇಳಿದ.

"ತಗಡು ಹೊಡೆಯೋಕೆ ಇದೇನು ಕೋಳಿ ಗೂಡೇನ್ಲಾ?" ಎಂದು ಅವನನ್ನು ಗದರಿಸಿ, ಚಿಕ್ಕಪ್ಪ ಒದ್ದೆ ಗೋಣಿತಾಟು ಸಿಕ್ಕಿಸಿದರು. ಗೋಣಿ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂದು ಅವರನ್ನು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವರ ಮಗಳು ಶೋಭಾಳ ಮದುವೆ ನಿಶ್ಚಯವಾದಾಗ ಮೊದಲ ಪತ್ರಿಕೆ ಕೊಡಲು ಗುಬ್ಬಿಯ ಬೀಗರ ಮನೆಗೆ ಹೊರಟೆವು. ಹಿಂದೆ ಕೂತವನು ನಾನು. ಗಂಡಿನ ಅಜ್ಜಿ ಶಕುನದ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಬೆಕ್ಕು ಅಡ್ಡ ಬಂತೆಂದು ಒಂದು ಸಂಬಂಧವನ್ನೇ ಬಿಟ್ಟವರು ಎಂದು ಕೇಳಿದ್ದೆವು. ಗುಬ್ಬಿ ಹತ್ತಿರ ನಿಲ್ಲಿಸಿ ಬ್ಯಾಗು ತೆರೆದರೆ ಅಷ್ಟೂ ಪತ್ರಿಕೆಗಳ ಒಂದು ಮೂಲೆ ಕಪ್ಪಾಗಿತ್ತು. ಮೂಲೆಗೆ ಅರಿಶಿನವಿದ್ದರೆ ಶುಭ, ಕಪ್ಪಿದ್ದರೆ ಸಾವಿನ ಸುದ್ದಿ. ಇದು ನಮ್ಮ ಕಡೆ ಓದು ಬಾರದವರಿಗೂ ಗೊತ್ತು.

ಊರನ್ನೆಲ್ಲ ಗದರಿಸುವ ಮನುಷ್ಯ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತರು.

"ಮದ್ವೆ ಮುರಿದೋಯ್ತದೆ ಕಣ್ಲಾ. ಮಗೀಗೆ ಏನಂತ ಹೇಳ್ಲಿ?"

ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಓಡಿಹೋಗಿ ಅಂಗಡಿಯಿಂದ ಅರಿಶಿನ ತಂದೆ. ಒಂದು ಪತ್ರಿಕೆಯ ಕಪ್ಪು ಕಾಣದಂತೆ ಇಬ್ಬರೂ ಮೆತ್ತಿದ್ದೇ ಮೆತ್ತಿದ್ದು.

ಅಜ್ಜಿ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, "ಅರಿಶಿನ ಧಾರಾಳವಾಗಿ ಹಚ್ಚಿದೀರ," ಎಂದರು.

"ನಮ್ ಕಡೆ ಹಂಗೇ ಅಮ್ಮ," ಎಂದರು ಚಿಕ್ಕಪ್ಪ. ವಾಪಸು ಬರುವಾಗ ದಾರಿಯುದ್ದಕ್ಕೂ ತಮ್ಮ ಜಾಣತನವನ್ನು ತಾವೇ ಹೊಗಳಿಕೊಂಡರು. ಮದುವೆ ಸಾಂಗವಾಗಿ ನಡೆಯಿತು.

ಶೋಭಾಳ ಕಿವಿಗೂ ಗುಬ್ಬಿಯವರ ಕಿವಿಗೂ ಬೀಳದಂತೆ ಆ ಕಥೆ ಹೇಳಿ ಹೇಳಿ ನಕ್ಕವನು ನಾನು. ಆದ್ದರಿಂದಲೇ ಈಗ ಹೊಳೆಯುವ ರೆಡಿಮೇಡ್ ತಗಡು ತಂದು ಸೈಲೆನ್ಸರಿಗೆ ಭದ್ರವಾಗಿ, ಒಂದು ಕೂದಲಿನಷ್ಟೂ ಸಂದಿಲ್ಲದಂತೆ ಬಿಗಿದಿದ್ದೆ. ತಗಡೂ ಕಾದಿತ್ತು. ಮತ್ತೆ ಅರಿಶಿನ ಕೊಂಡು, ಮೊದಲ ಪತ್ರಿಕೆಗೆ ಮೆತ್ತಿ, ಗುಬ್ಬಿಯಲ್ಲಿ ಶೋಭಾಳ ಕೈಗಿಟ್ಟೆ. ಅವಳು ಮೂಸಿ ನೋಡಿ ನಕ್ಕಳು.

"ಅಣ್ಣಾ, ನೀನೂ ಗೋಣಿ ಇಟ್ಟಿದ್ಯಾ?"

"ನಿಂಗ್ ಹೆಂಗೆ ಗೊತ್ತು?"

"ಅರಿಶಿನದಡಿ ಇದ್ದ ಕಪ್ಪನ್ನ ನಮ್ಮನೆ ಅಜ್ಜಿ ಅವತ್ತೇ ನೋಡಿದ್ರು. ಮದ್ವೆ ಆದ್ಮೇಲೆ ನಂಗೊಬ್ಬಳಿಗೇ ಹೇಳಿದ್ರು. 'ಕಪ್ಪು ನೋಡ್ಲೋ, ನಿಮ್ಮಪ್ಪನ ಮುಖ ನೋಡ್ಲೋ? ಮುಖಾನೇ ನೋಡ್ದೆ' ಅಂದ್ರು."

ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರು, ಅಜ್ಜಿಯ ಕಣ್ಣಿಗೆ ಮಣ್ಣೆರಚಿದ ಹೆಮ್ಮೆಯಲ್ಲೇ.

ಮುಂದಿನ ಮನೆಗೆ ಹೋದಾಗ ಅರಿಶಿನದ ಪೊಟ್ಟಣವನ್ನು ಜೇಬಿನಿಂದ ತೆಗೆಯಲಿಲ್ಲ. ಸುಟ್ಟ ಮೂಲೆಯನ್ನು ಮುಂದೆ ಮಾಡಿಯೇ ಪತ್ರಿಕೆ ಕೊಟ್ಟೆ. ಆ ಮನೆಯಾಕೆ ಪತ್ರಿಕೆ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಅರಿಶಿನದ ಬಟ್ಟಲು ತಂದರು.