ಬತ್ತಲೆ ಗಾಡಿಯ ಕುತ್ತಿಗೆ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸಾಣೆಯಮ್ಮ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ, ಅವಳು ಬಾಗಿಲು ದಾಟಿ ಹೋದಮೇಲೆ. ಸಾಣೆಕಲ್ಲಿಗೆ ಏನು ತಾಗಿಸಿದರೂ ಕಿಡಿ ಹಾರುತ್ತದಲ್ಲ, ಹಾಗೆ ಅವಳ ಹತ್ತಿರ ಯಾವ ಮಾತು ತೆಗೆದರೂ ಕಿಡಿ. ಇಪ್ಪತ್ತಾರು ವರ್ಷದಿಂದ ಅವಳು ಮೋಟಾರ್‌ಸೈಕಲ್ಲಿನ ಚಾಸಿ ಬಿಡಿಸುತ್ತಿದ್ದಳು. ಚಾಸಿ ಅಂದರೆ ಎಂಜಿನ್ನು, ಚಕ್ರ, ಸವಾರ ಎಲ್ಲವನ್ನೂ ಹೊತ್ತುಕೊಂಡಿರುವ ಉಕ್ಕಿನ ಎಲುಬುಗೂಡು. ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಮುಂಚೆ ಒಮ್ಮೆ ಪೆನ್ಸಿಲ್ಲಿನಲ್ಲಿ, ಹಾಳೆಯ ಮೇಲೆ, ಕೈಯಾರೆ ಬಿಡಿಸಿಯೇ ತೀರಬೇಕು ಅವಳಿಗೆ. ಅವಳ ಚಾಸಿ ಮುರಿದದ್ದನ್ನು ಯಾರೂ ಕಂಡಿರಲಿಲ್ಲ. ಆ ಧೈರ್ಯದ ಮೇಲೇ ಅವಳು ಅಷ್ಟು ಬೈಯುತ್ತಿದ್ದದ್ದು, ಜನ ಅಷ್ಟು ಬೈಸಿಕೊಳ್ಳುತ್ತಿದ್ದದ್ದು.

ಆ ವರ್ಷ ಕಂಪನಿ ಹೊಸ ಗಾಡಿಯೊಂದಕ್ಕೆ ಕೈ ಹಾಕಿತು. ಮುಂದೆ ಗಾಳಿ ತಡೆಯುವ ಪ್ಲಾಸ್ಟಿಕ್ ಮುಖವಾಡವಿಲ್ಲ; ಎಂಜಿನ್ನು, ಕೊಳವೆ, ಬೆಸುಗೆ ಎಲ್ಲ ಬಯಲಿಗೆ. ಮಾರುವವರು ಅದನ್ನು ನೇಕೆಡ್ ಬೈಕ್ ಅನ್ನುತ್ತಿದ್ದರು, ಬೆಸುಗೆ ಶೆಡ್ಡಿನವರು ನೇರವಾಗಿ ಬತ್ತಲೆ ಗಾಡಿ ಅಂದರು. ಪೇಟೆಯ ಇಕ್ಕಟ್ಟಿನಲ್ಲಿ ಹಾವಿನ ಹಾಗೆ ನುಸುಳಬೇಕು, ಖಾಲಿ ರಸ್ತೆ ಸಿಕ್ಕರೆ ಬಾಣದ ಹಾಗೆ ಚಿಮ್ಮಬೇಕು. ಅದಕ್ಕಾಗಿ ಎರಡು ಚಕ್ರಗಳ ನಡುವಿನ ಅಂತರ ತಗ್ಗಿಸಿದರು, ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿಗಾಲು, ಅಂದರೆ ಫೋರ್ಕನ್ನು, ಇನ್ನಷ್ಟು ನೆಟ್ಟಗೆ ನಿಲ್ಲಿಸಿದರು. ಹಾಗೆ ಮಾಡಿದರೆ ಗಾಡಿ ಕಣ್ಣು ಹೊರಳಿದತ್ತ ತಿರುಗುತ್ತದೆ, ನಿಜ. ಆದರೆ ಬ್ರೇಕು ಹಿಡಿದಾಗ, ಹಳ್ಳಕ್ಕೆ ಬಿದ್ದಾಗ, ಆ ಏಟೆಲ್ಲ ಹ್ಯಾಂಡಲ್ಲು ಕೂರುವ ದಪ್ಪ ಕೊಳವೆಗೆ ಬಂದು ಬಡಿಯುತ್ತದೆ. ಅದಕ್ಕೆ ಸಾಣೆಯಮ್ಮ ಕುತ್ತಿಗೆ ಅನ್ನುತ್ತಿದ್ದಳು. ಕುತ್ತಿಗೆಯ ಎರಡೂ ಮಗ್ಗುಲಿಗೆ ಅಂಗೈಯಗಲದ ತ್ರಿಕೋನ ತಗಡು ಬೆಸೆದು ಬಲ ಕೊಟ್ಟಿದ್ದಳು.

ಆ ತಗಡು ಶಿಲ್ಪಿಯ ಕಣ್ಣಿಗೆ ಬಿತ್ತು. ಶಿಲ್ಪಿ ಅಂದರೆ ರೂಪ ವಿಭಾಗದ ಮುಖ್ಯಸ್ಥ. ಗಾಡಿ ಹೇಗೆ ಕಾಣಬೇಕು ಅಂತ ಮೊದಲು ಜೇಡಿಮಣ್ಣಿನಲ್ಲಿ ಪೂರ್ತಿ ಅಳತೆಗೆ ಮಾಡಿ ನೋಡುವವನು. ಇಸ್ತ್ರಿ ಮಾಡಿದ ಕಪ್ಪು ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಯಾವಾಗಲೂ ಮಣ್ಣು.

"ಮೇಡಂ, ಇದು ಬತ್ತಲೆ ಗಾಡಿ. ಮುಚ್ಚೋಕೆ ಏನೂ ಇಲ್ಲ. ಈ ತಗಡು ನೋಡಿ, ಕತ್ತಿಗೆ ಪ್ಲಾಸ್ಟರ್ ಹಾಕಿದ ಹಾಗಿದೆ."

"ಮುರಿದ ಮೇಲೆ ಹಾಕೋದಕ್ಕಿಂತ ಮುಂಚೆ ಹಾಕೋದು ವಾಸಿ."

"ಅರ್ಧ ಮಾಡೋಣ. ಟ್ಯಾಂಕಿನ ಕೆಳಗೆ ಅಡಗುತ್ತೆ."

"ನಿಮ್ಮ ಮಣ್ಣಿನ ಬೊಂಬೆಗೆ ಅರ್ಧ ಮಾಡ್ಕೊಳ್ಳಿ, ಕಾಲು ಮಾಡ್ಕೊಳ್ಳಿ. ನನ್ನ ಉಕ್ಕಿನ ತಂಟೆಗೆ ಬರಬೇಡಿ!"

ಆರು ವಾರ ಇದೇ ರಾಮಾಯಣ. ಆಮೇಲೆ ಶಿಲ್ಪಿ ಸುಮ್ಮನಾದ. ಮುಗಿದ ಗಾಡಿ ಕಣ್ಣೆದುರು ಬಂದಾಗ ಟ್ಯಾಂಕಿನ ಎರಡೂ ಕಡೆ ಚಿಕ್ಕ ರೆಕ್ಕೆಗಳಿದ್ದವು, ಕುತ್ತಿಗೆ ಕಾಣುತ್ತಿರಲಿಲ್ಲ. 'ಅಂತೂ ಬುದ್ಧಿ ಬಂತು, ನನ್ನ ತಗಡನ್ನ ರೆಕ್ಕೆಯಲ್ಲಿ ಮುಚ್ಚಿದಾನೆ' ಅಂದುಕೊಂಡಳು. ಮೊದಲಾಗಿದ್ದರೆ ಬೆಸುಗೆ ಶೆಡ್ಡಿಗೆ ಇಳಿದು ಚಾಸಿಯನ್ನು ಕೈಯಿಂದ ತಡವಿ ನೋಡುತ್ತಿದ್ದಳು. ಆದರೆ ಶೆಡ್ಡಿನ ಮೇಸ್ತ್ರಿಯ ಜೊತೆ ಯಾವುದೋ ಮಾತಿಗೆ ಮಾತು ಬೆಳೆದು, "ನಿನ್ನ ಶೆಡ್ಡಿಗೆ ಇನ್ನು ಕಾಲಿಟ್ಟರೆ ಕೇಳು" ಅಂತ ಬಂದಿದ್ದಳು. ಹಟ ಅಂದರೆ ಹಟ.

ಹೊಸ ಗಾಡಿ ಓಡಿಸಿ ನೋಡುವ ಪರೀಕ್ಷಾ ಸವಾರ ಅವಳ ಒಡಹುಟ್ಟಿದ ತಮ್ಮ. ಏಳು ವರ್ಷಕ್ಕೆ ಚಿಕ್ಕವನು. ಅವನ ಸೊಂಟಕ್ಕೆ ಕಿವಿ ಇದೆ ಅಂತ ಕಾರ್ಖಾನೆಯಲ್ಲಿ ತಮಾಷೆ. ಕೂತ ಮೇಲೆ ಒಂದು ನಟ್ಟು ಸಡಿಲವಾಗಿದ್ದರೂ ಹೇಳುತ್ತಿದ್ದ. ಮನೆಯಲ್ಲಿ ಅಕ್ಕ, ಕೆಲಸದಲ್ಲೂ ಅಕ್ಕ. ಅವಳ ಬೈಗುಳಕ್ಕೆ ನಗುತ್ತಿದ್ದವನು ಅವನೊಬ್ಬನೇ.

ಒಂದು ಮಧ್ಯಾಹ್ನ ಕಾರ್ಖಾನೆ ಹಿಂದಿನ ಪರೀಕ್ಷಾ ರಸ್ತೆಯಲ್ಲಿ ಅವನು ಬಿದ್ದ. ಏರುತಗ್ಗಿನ ಕಾಂಕ್ರೀಟು ದಾಟಿ, ನೂರಿಪ್ಪತ್ತರ ವೇಗದಲ್ಲಿ ಬ್ರೇಕು ಮುಟ್ಟಿದ್ದೇ ತಡ, ಹ್ಯಾಂಡಲ್ಲು ಎಡಕ್ಕೆ ಬಲಕ್ಕೆ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳಲು ಶುರುವಾಯಿತು. ಗಾಡಿ ಅವನನ್ನು ಎತ್ತಿ ಒಗೆಯಿತು. ಹೆಗಲ ಮೂಳೆ ಮುರಿಯಿತು, ಬಲಗೈ ಮಣಿಕಟ್ಟು ಮೂರು ತುಂಡಾಯಿತು.

ಆಸ್ಪತ್ರೆಯ ಮಂಚದ ಪಕ್ಕ ನಾದಿನಿ, ತಮ್ಮನ ಹೆಂಡತಿ, ಗೋಡೆಗೆ ಒರಗಿ ನಿಂತಿದ್ದಳು. ತಮ್ಮ ಕಣ್ಣು ಬಿಟ್ಟವನೇ ಹೇಳಿದ: "ಹಿಡಿತ ಸಡಿಲ ಮಾಡಿದೆ ಅಕ್ಕ. ಮಂಡಿಯಲ್ಲಿ ಟ್ಯಾಂಕು ಒತ್ತಿದೆ. ಗಾಡಿ ತಲೆ ಕೊಡವಿದಾಗ ಏನು ಮಾಡಬೇಕೋ ಎಲ್ಲಾ ಮಾಡಿದೆ. ಅದು ನಿಲ್ಲಲೇ ಇಲ್ಲ."

ಮೂರನೇ ದಿನ ಸುರಕ್ಷತಾ ವಿಭಾಗದ ವರದಿ ಬಂತು. ಎರಡೇ ಪುಟ. 'ಸವಾರ ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದಿದ್ದರಿಂದ ಆಯ ತಪ್ಪಿತು. ಸವಾರನ ಅಜಾಗರೂಕತೆ.'

ಸಾಣೆಯಮ್ಮ ಆ ಹಾಳೆಯನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದಳು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬದುಕಿ ಬಂದದ್ದೇ ಸಡಿಲ ಹಿಡಿದದ್ದಕ್ಕೆ, ಇವರಿಗೆ ಅದೇ ತಪ್ಪು!" ಅಂತ ಕಿರುಚಿದ್ದು ಕೆಳಗಿನ ಮಹಡಿಗೂ ಕೇಳಿತಂತೆ.

ಬಿದ್ದ ಗಾಡಿಯನ್ನು ಗುಜರಿಯ ಜಾಲರಿಕೋಣೆಗೆ ತಳ್ಳಿ ಬೀಗ ಹಾಕಿದ್ದರು. ಕಾವಲಿನವನು ಮೇಲಿನಿಂದ ಚೀಟಿ ತರಬೇಕು ಅಂದ. ಅವಳು ಏನು ಅಂದಳೋ, ಅವನು ಬೀಗ ತೆಗೆದು ನೀರು ಕುಡಿಯಲು ಹೋದ. ಅವಳು ಟ್ಯಾಂಕು ಬಿಚ್ಚಿ ಕೆಳಗಿಟ್ಟಳು. ಕುತ್ತಿಗೆ ಕಂಡದ್ದೇ ಕೈ ಅಲ್ಲಿಗೇ ನಿಂತಿತು. ಅವಳು ಬಿಡಿಸಿದ ಅಂಗೈಯಗಲದ ತಗಡು ಅಲ್ಲಿರಲಿಲ್ಲ. ಇದ್ದದ್ದು ಎರಡು ಬೆರಳಗಲದ ತುಂಡು.

ಬಣ್ಣ ಕರಗಿಸಿ ಒರೆಸಿದಳು. ಬಿರುಕು ಹುಡುಕುವ ಕೆಂಪು ದ್ರವ ಸಿಂಪಡಿಸಿ ಹತ್ತು ನಿಮಿಷ ಕಾದು, ಬಟ್ಟೆಯಿಂದ ಒರೆಸಿ, ಮೇಲೆ ಬಿಳಿ ಪುಡಿ ಊದಿದಳು. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಜಿನುಗುತ್ತದೆ. ಜಿನುಗಿತು. ಬೆಸುಗೆಯ ಅಂಚಿಗೆ ಕೂದಲೆಳೆಯಷ್ಟು ಗೆರೆ, ನೋಡುನೋಡುತ್ತ ದಪ್ಪಗಾಯಿತು. ಬಿರುಕು ಬಿಟ್ಟ ಕುತ್ತಿಗೆ ಅಲುಗಾಡಿದ್ದಕ್ಕೇ ಹ್ಯಾಂಡಲ್ಲು ಹಾಗೆ ಬಡಿದುಕೊಂಡದ್ದು.

ಶಿಲ್ಪಿಯ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಮೇಜಿನ ಮೇಲಿದ್ದ ಮಣ್ಣು ಕೆರೆಯುವ ಸಾಮಾನೆಲ್ಲ ಒಂದೇ ಕೈಬೀಸಿಗೆ ನೆಲಕ್ಕೆ ಬಿತ್ತು.

"ನನ್ನ ತಗಡು ಕದ್ದು ಕತ್ತರಿಸಿದ್ಯಾ? ನನ್ನ ತಮ್ಮನ ಕೈ ಮುರೀತಲ್ಲೋ! ಚೆಂದ ಬೇಕಾಗಿತ್ತಾ ನಿನಗೆ, ಚೆಂದ?"

ಅವನ ಮುಖದಲ್ಲಿ ರಕ್ತವಿರಲಿಲ್ಲ. ಬೀರು ತೆಗೆದು ಒಂದು ನಕ್ಷೆ ತಂದು ಮುಂದೆ ಹಾಸಿದ. ಚಿಕ್ಕ ತಗಡಿನ ನಕ್ಷೆ. ಕೆಳಗೆ ಬಲಮೂಲೆಯಲ್ಲಿ ಸಹಿ.

"ನಿಮ್ಮದೇ ಮೇಡಂ."

ಅವಳಿಗೆ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಅವನು ಮೂವತ್ತೊಂದು ನಕ್ಷೆಗಳ ಕಟ್ಟು ಹಿಡಿದು ಬಂದಿದ್ದ. ಕನ್ನಡಿ ಹಿಡಿಕೆ, ದೀಪದ ಕಂಬಿ, ನಂಬರ್ ಪ್ಲೇಟು, ಎಂಥದೆಂಥದೋ. ಅವನ ಮುಖ ಕಂಡರೆ ಆಗದ ಕಾಲ ಅದು. "ಎಲ್ಲಿ ಗೀಚಬೇಕು ಹೇಳಿ, ಗೀಚಿ ಬಿಸಾಡ್ತೀನಿ, ಮೊದಲು ಇಲ್ಲಿಂದ ತೊಲಗಿ" ಅಂತ ಒಂದೂ ನೋಡದೆ ಗೀಚಿ ಬಿಸಾಡಿದ್ದಳು.

"ಇದು ನಡುವೆ ಇತ್ತು," ಅಂದ ಶಿಲ್ಪಿ. "ನಾನು ಬಚ್ಚಿಡಲಿಲ್ಲ. ಆದರೆ ಬಾಯಿಬಿಟ್ಟು ಹೇಳಲೂ ಇಲ್ಲ. ಹೇಳಿದ್ರೆ ನೀವು ಹರಿದು ಹಾಕ್ತೀರಿ ಅಂತ ಗೊತ್ತಿತ್ತು."

ಸಿಟ್ಟನ್ನು ಯಾರ ಮೇಲೆ ಉಗುಳಬೇಕು ಅಂತ ಮೊದಲ ಸಲ ತಿಳಿಯದೆ, ನೆಟ್ಟಗೆ ಬೆಸುಗೆ ಶೆಡ್ಡಿಗೆ ಇಳಿದಳು. "ಇಷ್ಟು ಚಿಕ್ಕ ತಗಡು ಬೆಸೆಯುವಾಗ ನಿನಗಾದರೂ ಅನುಮಾನ ಬರಲಿಲ್ಲವಾ?" ಅಂತ ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಕಪ್ಪು ಕನ್ನಡಕ ಹಣೆಗೇರಿಸಿದ. "ಬಂತು. ಕೇಳೋಣ ಅಂತ ಮೆಟ್ಟಿಲವರೆಗೂ ಬಂದೆ. ನಿಮ್ಮ ಸಹಿ ಇತ್ತಲ್ಲ. ಕೇಳಿ ಯಾಕೆ ಉಗಿಸಿಕೊಳ್ಳೋದು ಅಂತ ವಾಪಸ್ ಹೋದೆ."

ಅವಳು ಅಲ್ಲೇ ಒಂದು ಕಬ್ಬಿಣದ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಯಾರೂ ಹತ್ತಿರ ಹೋಗಲಿಲ್ಲ.

ಮಾರನೆಯ ದಿನ ದೊಡ್ಡ ಸಾಹೇಬರ ಕೋಣೆಯಲ್ಲಿ ಎಲ್ಲ ಹೇಳಿದಳು. ಸಾಹೇಬರು ಕಾರ್ಖಾನೆಯ ಯಜಮಾನಿಕೆ ನಡೆಸುವವರು, ದನಿ ಎತ್ತದ ಮನುಷ್ಯ.

"ಬಿದ್ದ ಏಟಿಗೇ ಬಿರುಕು ಬಿಟ್ಟಿರಬಹುದಲ್ಲ?"

ಪ್ರಶ್ನೆ ಸರಿಯಾಗೇ ಇತ್ತು. ಅದಕ್ಕೇ ಅವಳಿಗೆ ಇನ್ನೂ ಉರಿಯಿತು. "ಪರೀಕ್ಷೆಗೆ ಮಾಡಿದ ಎರಡನೇ ಗಾಡಿ ಇದೆಯಲ್ಲ ಸರ್. ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ, ಒಮ್ಮೆಯೂ ಬಿದ್ದಿಲ್ಲ. ಅದನ್ನ ಬಿಚ್ಚಿ ನೋಡ್ತೀನಿ."

"ಅದಕ್ಕೆ ಹೊಸ ಬಣ್ಣ ಹಾಕಿ ಮುಂದಿನ ಪ್ರದರ್ಶನದ ಹಾಲ್‌ನಲ್ಲಿ ನಿಲ್ಲಿಸಿದೀವಿ. ನಾಳೆ ಹನ್ನೊಂದಕ್ಕೆ ಡೀಲರುಗಳು ಬರ್ತಾರೆ. ಮುಟ್ಟಬೇಡಿ. ಅವರು ಹೋದ ಮೇಲೆ ನೋಡೋಣ."

'ನೋಡೋಣ' ಅಂದರೆ ಏನು ಅಂತ ಇಪ್ಪತ್ತಾರು ವರ್ಷದಲ್ಲಿ ಅವಳು ಕಲಿತಿದ್ದಳು. ಮರುದಿನ ಒಂಬತ್ತಕ್ಕೆಲ್ಲ ಸಾಮಾನಿನ ಚೀಲ ಹೆಗಲಿಗೇರಿಸಿ ಆ ಹಾಲ್‌ಗೆ ಬಂದಳು. ಗಾಡಿ ತಿರುಗುವ ಕಟ್ಟೆಯ ಮೇಲೆ ಹೊಳೆಯುತ್ತಿತ್ತು. ಅದರ ಪಕ್ಕ ಶಿಲ್ಪಿ ನಿಂತಿದ್ದ. ತಡೆಯಲು ಬಂದಿದ್ದಾನೆ ಅಂತ ಅವಳು ಬಾಯಿ ತೆರೆದಳು. ಅವನು ಜೇಬಿನಿಂದ ಸ್ಪ್ಯಾನರ್ ತೆಗೆದ.

"ಬಣ್ಣಕ್ಕೆ ಗೀರು ಬೀಳದ ಹಾಗೆ ಟ್ಯಾಂಕು ಎತ್ತೋದು ನನಗೆ ಗೊತ್ತು. ನೀವು ಕುತ್ತಿಗೆ ನೋಡಿ."

ಇಬ್ಬರೂ ಕೆಲಸಕ್ಕೆ ಕೈ ಹಾಕಿದರು. ಬಣ್ಣ ಕರಗಿತು, ಕೆಂಪು ಇಳಿಯಿತು, ಬಿಳಿ ಕೂತಿತು. ಎಡಕ್ಕೊಂದು, ಬಲಕ್ಕೊಂದು, ಎರಡು ಕೆಂಪು ಗೆರೆ. ಮೊದಲ ಗಾಡಿಯಲ್ಲಿ ಬಂದ ಜಾಗದಲ್ಲೇ.

ಒರೆಸಲಿಲ್ಲ. ಹನ್ನೊಂದಕ್ಕೆ ಸಾಹೇಬರು ಡೀಲರುಗಳನ್ನು ಕರೆದುಕೊಂಡು ಬಂದಾಗ ಗಾಡಿ ಟ್ಯಾಂಕಿಲ್ಲದೆ, ಕುತ್ತಿಗೆಗೆ ಸುಣ್ಣ ಬಳಿದುಕೊಂಡು ನಿಂತಿತ್ತು.

"ಇದೇನು?" ಸಾಹೇಬರ ದನಿ ಮೊದಲ ಸಲ ಏರಿತು.

"ಬತ್ತಲೆ ಗಾಡಿ ಅಲ್ವಾ ಸರ್," ಅಂದಳು ಸಾಣೆಯಮ್ಮ. "ಎಲ್ಲಾ ಕಾಣಲಿ."

ಡೀಲರುಗಳಲ್ಲಿ ಒಬ್ಬ ವಯಸ್ಸಾದವರು ಬಗ್ಗಿ ಆ ಗೆರೆಯನ್ನು ನೋಡಿದರು. "ಇದನ್ನ ನನ್ನ ಅಂಗಡಿಗೆ ಕಳಿಸ್ತಿದ್ರಾ?" ಅಂದರು.

ಗಾಡಿ ಬಿಡುಗಡೆ ಐದು ತಿಂಗಳು ಮುಂದೆ ಹೋಯಿತು. ಸವಾರನ ತಪ್ಪು ಅಂತ ಬರೆದ ವರದಿಯನ್ನು ಹಿಂದಕ್ಕೆ ಪಡೆದರು. ಹೊಸ ವರದಿಯನ್ನು ಸಾಣೆಯಮ್ಮನೇ ಬರೆದಳು. ಅದರಲ್ಲಿ 'ನಕ್ಷೆಯನ್ನು ನೋಡದೆ, ಸಿಟ್ಟಿನಲ್ಲಿ ಸಹಿ ಮಾಡಿದವಳು ನಾನು' ಅಂತ ಒಂದು ಸಾಲು ಇತ್ತು. ಸಾಹೇಬರು ಅದರ ಮೇಲೆ ಬೆರಳಿಟ್ಟು, "ಇದು ಅಗತ್ಯವಿಲ್ಲ" ಅಂದರು. "ಇದನ್ನ ತೆಗೆದರೆ ಉಳಿದದ್ದೂ ಸುಳ್ಳೇ" ಅಂದಳು. ಅವಳಿಗಿದ್ದ ಚಾಸಿ ವಿಭಾಗದ ಮುಖ್ಯಸ್ಥೆ ಅನ್ನುವ ಹುದ್ದೆ ಹೋಯಿತು. ಶಿಲ್ಪಿಗೂ ಎಚ್ಚರಿಕೆ ಪತ್ರ ಬಂತು. ಅಂಗೈಯಗಲದ ತಗಡು ವಾಪಸ್ ಬಂತು. ಈ ಸಲ ಶಿಲ್ಪಿಯೇ ಕೂತು ಅದರ ಅಂಚು ತಿದ್ದಿ, ನಡುವೆ ಮೂರು ತೂತು ಕೊರೆಸಿ, ರೆಕ್ಕೆ ಕಿತ್ತುಹಾಕಿ ಬಯಲಿಗೆ ತಂದ. ತೂತು ಎಷ್ಟು ದೊಡ್ಡದಿರಬೇಕು ಅಂತ ಇಬ್ಬರೂ ಒಂಬತ್ತು ದಿನ ಜಗಳವಾಡಿದರು.

ತಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವನ ಮನೆಯ ಅಡುಗೆಕೋಣೆಯಲ್ಲಿ, ಅವನು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿರುವಾಗ ಹೇಳಿದಳು.

"ನೋಡದೆ ಹಾಕಿದ್ಯಾ?"

"ಹೂಂ."

"ಅವತ್ತು ನಿನಗೆ ಯಾರ ಮೇಲೋ ಸಿಟ್ಟು. ಅದಕ್ಕೆ ನನ್ನ ಕೈ." ಅವನು ಚಮಚ ಕೆಳಗಿಟ್ಟ. "ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ ಅಂತಾರೆ. ನೀನು ನಿನ್ನ ಮೂಗಾದರೂ ಕೊಯ್ಕೋಬಾರದಿತ್ತಾ? ಹೋಗು ಅಕ್ಕ. ಈಗ ಹೋಗು."

ಏಳು ತಿಂಗಳು ಮಾತಿಲ್ಲ. ಅವಳು ಫೋನು ಮಾಡಿದರೆ ನಾದಿನಿ ಎತ್ತುತ್ತಿದ್ದಳು. "ಅತ್ತಿಗೆ, ನಿಮ್ಮ ಮನೆತನದ ಸಿಟ್ಟೇ ಅಲ್ವಾ ಅವರದ್ದೂ? ಸುಲಭಕ್ಕೆ ಇಳಿಯಲ್ಲ" ಅನ್ನುತ್ತಿದ್ದಳು. ಮೂಳೆ ಕೂಡಿತು, ಆದರೆ ಮಣಿಕಟ್ಟು ಪೂರ್ತಿ ಹೊರಳಲಿಲ್ಲ. ಆಕ್ಸಿಲರೇಟರ್ ತಿರುಚಲು ಆಗದ ಸವಾರ ಪರೀಕ್ಷಾ ರಸ್ತೆಗೆ ಹೋಗುವ ಹಾಗಿರಲಿಲ್ಲ.

ಇನ್ನು ಮೇಲೆ ಕುತ್ತಿಗೆಯ ನಕ್ಷೆ ಒಂದು ಗೆರೆ ಬದಲಾದರೂ ಗಾಡಿ ಓಡಿಸುವ ವಿಭಾಗದವರು ಒಪ್ಪಬೇಕು ಅಂತ ಕಂಪನಿ ನಿಯಮ ತಂದಿತು. ಆ ಕುರ್ಚಿಗೆ ಸಾಹೇಬರು ತಮ್ಮನನ್ನೇ ಕೂರಿಸಿದರು, ಅವಳ ಮೇಜಿನ ಎದುರಿಗೆ. ಅವನು ಬಂದ, ಕೂತ, ಅಕ್ಕನ ಕಡೆ ನೋಡಲಿಲ್ಲ. ಮುಂದಿನ ಗಾಡಿಯ ಮೊದಲ ನಕ್ಷೆಯನ್ನು ಎರಡು ಗಂಟೆ ಇಟ್ಟುಕೊಂಡ.

"ಇನ್ನೂ ಎಷ್ಟು ಹೊತ್ತು?" ಅವಳಿಗೆ ತಡೆಯಲಾಗಲಿಲ್ಲ.

"ನೋಡೋದು ಅಂದ್ರೆ ಇಷ್ಟು ಹೊತ್ತಾಗುತ್ತೆ."

ಅವಳ ಮುಖ ಕೆಂಪಾಯಿತು. ಅವನು ನಕ್ಷೆ ತಿರುಗಿಸಿ ಅವಳ ಮುಂದೆ ನೂಕಿದ. "ಈ ಬೆಸುಗೆ ಇಲ್ಲಿ ನಿಲ್ಲಬಾರದು. ಬ್ರೇಕಿನ ಏಟು ಇಲ್ಲೇ ಬರುತ್ತೆ, ಕೂತು ನೋಡಿದವನಿಗೆ ಗೊತ್ತು."

"ಲೆಕ್ಕದಲ್ಲಿ ಇಲ್ಲಿ ಏನೂ ಬರಲ್ಲ."

"ಲೆಕ್ಕ ಗಾಡಿ ಮೇಲೆ ಕೂತಿತ್ತಾ?"

"ನನಗೆ ಚಾಸಿ ಹೇಳಿಕೊಡೋಕೆ ಬರಬೇಡ!"

"ನಿನಗೆ ಹೆದರಿ ಹೇಳದೆ ಇದ್ದವರ ಕತೆ ನೋಡಿದೀವಲ್ಲ!"

ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು. ಅಕ್ಕ ತಮ್ಮ ಇಬ್ಬರೂ ಎದ್ದು ನಿಂತು, ಮೇಜಿನ ಮೇಲೆ ಕೈಯೂರಿ, ಒಬ್ಬರ ಮಾತಿನ ಮೇಲೆ ಒಬ್ಬರು ಹತ್ತಿ ಕೂಗಾಡುತ್ತಿದ್ದರು. ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ಮೂರು ಗಂಟೆಯ ಸುಮಾರಿಗೆ ಅವಳು ರಬ್ಬರು ತೆಗೆದುಕೊಂಡು ಆ ಗೆರೆಯನ್ನು ಅಳಿಸಿ, ಪೆನ್ಸಿಲ್ಲನ್ನು ಅವನ ಕಡೆ ಉರುಳಿಸಿ, "ಎಲ್ಲಿವರೆಗೆ ಬೇಕು, ತೋರಿಸು" ಅಂದಳು.