ದ್ರಾಕ್ಷಿ ತೋಟದ ಹನ್ನೆರಡನೆಯ ಬೀಗ

ಮೊದಲಿಗೇ ಒಂದು ಅರಿಕೆ. ನಮ್ಮ ಮನೆಮಾತು ಕನ್ನಡವಾದರೂ ನಾನು ಓದಿದ್ದೆಲ್ಲವೂ ತಮಿಳು ಮಾಧ್ಯಮದಲ್ಲಿ. ಕನ್ನಡದ ಅಕ್ಷರಗಳನ್ನು ಕಲಿತದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಕೊಳ್ಳೇಗಾಲದ ಗೆಳತಿಯೊಬ್ಬಳಿಂದ. ಆದ್ದರಿಂದ ನನ್ನ ನಿರೂಪಣೆಯಲ್ಲಿ ಕುಂದುಕೊರತೆಗಳು ಕಂಡುಬಂದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ಪ್ರಯತ್ನಿಸಿದ್ದೇನೆ.

ಇದು ನಡೆದದ್ದು 1998ರಲ್ಲಿ, ಆಯುಧಪೂಜೆ ಕಳೆದು ಕೆಲವು ವಾರಗಳಾದ ಮೇಲೆ. ನಮ್ಮ ಊರು ಕಂಬಂ ಕಣಿವೆಯ ಕೊಂಬೈ. ಅಪ್ಪನದು ದ್ರಾಕ್ಷಿ ತೋಟ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ನಂತರ ಅದೇ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವೇದವಲ್ಲಿಯವರ ಸಂಶೋಧನೆಗೆ ಸಹಾಯಕಿಯಾಗಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ತಂಗಿ ಪೊನ್ನಿ ಆಗ ಪ್ಲಸ್ ಟೂ ಓದುತ್ತಿದ್ದಳು. ಅವಳಿಗೂ ಕಾಲೇಜಿಗೆ ಹೋಗುವ ಆಸೆ. ಆದರೆ ನಮ್ಮ ಮಾವಂದಿರು, “ದೊಡ್ಡವಳ ಓದು ಮೊದಲು ಏನು ಕುಡ್ತದೋ ನೋಡಾಣ, ಆಮೇಲೆ ಚಿಕ್ಕವಳ ಮಾತು” ಎಂದು ತೀರ್ಮಾನಿಸಿಬಿಟ್ಟಿದ್ದರು. ನನ್ನ ಕೆಲಸವು ಆ ವರ್ಷದ ಕೊನೆಗೆ ಮುಗಿಯುವುದಿತ್ತು.

ಪ್ರೊಫೆಸರ್ ಅವರ ಪ್ರಯೋಗಶಾಲೆಯಲ್ಲಿ ಬೂದು ಬಣ್ಣದ ಒಂದು ಪುಡಿಯನ್ನು ತಯಾರಿಸುತ್ತಿದ್ದೆವು. ಅದರ ಸಾವಿರಕ್ಕೂ ಹೆಚ್ಚು ಕಣಗಳನ್ನು ಒಂದು ತಲೆಗೂದಲಿನ ದಪ್ಪದಲ್ಲಿ ಸಾಲಾಗಿ ಇಡಬಹುದಿತ್ತು. ‘ನ್ಯಾನೊ’ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಆ ಪುಡಿಯನ್ನು ಅಂಟಿನಲ್ಲಿ ಕಲಸಿ ಲೋಹದ ಮೇಲೆ ತೆಳ್ಳಗೆ ಬಳಿದು ಒಣಗಿಸಿದರೆ, ಲೋಹವು ಎಣ್ಣೆಯಿಲ್ಲದೆಯೇ ಸರಾಗವಾಗಿ ಜಾರುತ್ತಿತ್ತು, ತುಕ್ಕು ಹಿಡಿಯುತ್ತಿರಲಿಲ್ಲ. “ಪ್ರಬಂಧ ಬರೆದು ಕಪಾಟಿನಲ್ಲಿಟ್ಟರೆ ಅದು ಅರ್ಧ ಕೆಲಸ. ಇದು ಅಂಗಡಿಯಲ್ಲಿ ಸಿಗಬೇಕು” ಎನ್ನುತ್ತಿದ್ದರು ಪ್ರೊಫೆಸರ್. ಹಾಗೆ ನಾವು ದಿಂಡಿಗಲ್ಲಿನ ಒಂದು ಬೀಗದ ಕಾರ್ಖಾನೆಗೆ ಹೋದೆವು. ಬೀಗಕ್ಕೆ ಹೆಸರಾದ ಊರು ಅದು.

ಕಾರ್ಖಾನೆಯ ಮೊದಲಾಳಿ, ಅಂದರೆ ಯಜಮಾನರು, ಷಣ್ಮುಗಂ ಎಂಬವರು. ಅಲ್ಲಿ ನಲವತ್ತು ವರ್ಷಗಳಿಂದ ಬೀಗ ಮಾಡುತ್ತಿದ್ದ ಹಿರಿಯರು ಸವರಿಮುತ್ತು ಮೇಸ್ತ್ರಿ. ಬೀಗ ಹಾಕಿದ ಸದ್ದನ್ನು ಕಣ್ಣು ಮುಚ್ಚಿ ಕೇಳಿ ಅದರ ದೋಷವನ್ನು ಹೇಳಬಲ್ಲವರು. ನಾವು ವಿಷಯವನ್ನೆಲ್ಲಾ ವಿವರಿಸಿದ ಮೇಲೆ ಮೇಸ್ತ್ರಿ ತಮಿಳಿನಲ್ಲಿ ಹೇಳಿದ್ದು ಇದು (ಪೂಟ್ಟು ಎಂದರೆ ಬೀಗ): “ಎಣ್ಣೆ ಬೇಡ ಅನ್ನೋ ಪೂಟ್ಟು ನಾನು ಇನ್ನೂ ಕಂಡಿಲ್ಲಮ್ಮಾ. ಎಣ್ಣೆ ಬೇಡ ಅನ್ನೋ ತಲೆ ಕಂಡಿದೀನಿ. ಅಗೋ, ನಮ್ಮ ಮೊದಲಾಳೀದು.”

ಮೊದಲಾಳಿ ತಮ್ಮ ಬೋಳು ತಲೆಯನ್ನು ಸವರಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ವ್ಯವಹಾರದಲ್ಲಿ ಅವರು ಬಹಳ ಸ್ಪಷ್ಟ. ಹನ್ನೆರಡು ಬೀಗಗಳಿಗೆ ನಮ್ಮ ಲೇಪ ಬಳಿದು, ಒಂದು ಮಳೆಗಾಲ ಜನರ ಕೈಯಲ್ಲಿ ಬಳಸಿ ನೋಡುವುದು. ಗೆದ್ದರೆ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ, ಕಾರ್ಖಾನೆಯಲ್ಲಿ ಪರೀಕ್ಷಾ ಕೊಠಡಿ, ಅದರಲ್ಲಿ ನನಗೆ ಕೆಲಸ. ಸೋತರೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ ಎಂದು ಮಾತಾಯಿತು.

ಬೀಗಗಳನ್ನು ಹಂಚುವ ಮತ್ತು ವಿಚಾರಿಸುವ ಹೊಣೆ ನನ್ನದಾಯಿತು. ಬತ್ತಲಗುಂಡಿನ ತರಕಾರಿ ಮಂಡಿಗೆ ಒಂದು, ತೇನಿಯ ಹತ್ತಿ ಗೋದಾಮಿಗೆ ಒಂದು, ಹೀಗೆ ಹನ್ನೊಂದನ್ನು ಕೊಟ್ಟು, ಹನ್ನೆರಡನೆಯದನ್ನು ನಮ್ಮ ತೋಟದ ಶೆಡ್ಡಿಗೆ ಹಾಕಿದೆ. ದ್ರಾಕ್ಷಿಗೆ ಸಿಂಪಡಿಸುವ ಮೈಲುತುತ್ತವನ್ನು ಅಪ್ಪ ಆ ಶೆಡ್ಡಿನಲ್ಲಿಯೇ ಇಡುತ್ತಿದ್ದರು. ಆ ನೀಲಿ ನೀರು ತಾಗಿದ ಕೈಯಿಂದಲೇ ಬೀಗವನ್ನೂ ಮುಟ್ಟುತ್ತಿದ್ದುದರಿಂದ ಯಾವ ಬೀಗವೂ ಅಲ್ಲಿ ಒಂದು ವರ್ಷ ಬಾಳುತ್ತಿರಲಿಲ್ಲ. ತೆರೆಯದ ಬೀಗವನ್ನು ಒಡೆಯಲೆಂದು ಬಾಗಿಲ ಬಳಿ ಒಂದು ಗುಂಡುಕಲ್ಲು ಸದಾ ಬಿದ್ದಿರುತ್ತಿತ್ತು. “ಪೂಟ್ಟು ತಕ್ಕಂಡ್ರೆ ಅಂಗಡಿಯೋರು ಸಾವಿ ಎರಡು ಕುಡ್ತಾರೆ. ನಮ್ಗೆ ಮೂರನೇ ಸಾವಿ ಈ ಕಲ್ಲು” ಎಂದು ಅಪ್ಪ ಹೇಳುತ್ತಿದ್ದರು. ಸಾವಿ ಎಂದರೆ ನಮ್ಮ ಮನೆಮಾತಿನಲ್ಲಿ ಕೀಲಿಕೈ.

ಪ್ರತಿ ಬೀಗದೊಂದಿಗೆ ನಾನೊಂದು ಸೂಚನಾ ಪತ್ರವನ್ನೂ ಕೊಟ್ಟಿದ್ದೆ. ತಪ್ಪಾದೀತೆಂಬ ಹೆದರಿಕೆಯಿಂದ ಮೂರು ಸಲ ತಿದ್ದಿ ಬರೆದ ಪತ್ರ ಅದು. ‘ಈ ಬೀಗಕ್ಕೆ ಯಾವುದೇ ವಿಧವಾದ ಎಣ್ಣೆಯನ್ನು ಹಾಕತಕ್ಕದ್ದಲ್ಲ’ ಎಂಬ ವಾಕ್ಯದ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದೆ.

ಮೊದಲ ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ, ಆಯುಧಪೂಜೆ ಕಳೆದ ಹತ್ತೇ ದಿನಗಳಲ್ಲಿ ಒಂದಾದ ಮೇಲೊಂದರಂತೆ ದೂರುಗಳು ಬಂದವು. ಬೀಗ ತೆರೆಯುತ್ತಿಲ್ಲ, ಕೀಲಿಕೈ ಒಳಗೆ ಹೋದರೆ ಹೊರಗೆ ಬರುತ್ತಿಲ್ಲ. ನಾನು ಬಸ್ಸು ಹತ್ತಿ ಒಂದೊಂದೇ ಊರಿಗೆ ಹೋದೆ. ಬತ್ತಲಗುಂಡಿನ ಮಂಡಿಯವರು ಗರಗಸದಿಂದ ಕೊಯ್ದ ಬೀಗವನ್ನು ನನ್ನ ಕೈಗಿಟ್ಟು, “ಬಲು ಭದ್ರವಾದ ಪೂಟ್ಟಮ್ಮಾ. ಕಳ್ಳನೂ ತೆಗೆಯಕ್ಕಾಗಲ್ಲ, ನಾನೂ ತೆಗೆಯಕ್ಕಾಗಲ್ಲ” ಎಂದರು. ಸುತ್ತಲಿನವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ, “ಎಣ್ಣೆ ಏನಾದರೂ ಹಾಕಿದ್ದಿರಾ?” ಎಂದು ಕೇಳಿದೆ. “ನೀನು ಬೇಡ ಅಂತ ಬರೆದುಕೊಟ್ಟ ಮೇಲೆ ಹಾಕ್ತೀವಾ ತಾಯಿ? ಒಂದು ಹನಿ ಇಲ್ಲ” ಎಂದರು. ತೇನಿಯಲ್ಲಿಯೂ ಅದೇ ಉತ್ತರ. ಹನ್ನೊಂದು ಕಡೆಗಳಲ್ಲಿಯೂ ಅದೇ ಉತ್ತರವನ್ನು ನನ್ನ ನೋಟ್‌ಬುಕ್ಕಿನಲ್ಲಿ ದುಂಡಾಗಿ ಬರೆದುಕೊಂಡೆ.

ಪ್ರೊಫೆಸರ್ ಅವರು ಕೋಪಿಸಿಕೊಳ್ಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕುಳಿತರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೊದಲಾಳಿಯವರು ಫೋನಿನಲ್ಲಿ, “ಶುಕ್ರವಾರ ಹನ್ನೆರಡನ್ನೂ ತಂದು ಮೇಜಿನ ಮೇಲಿಡಿ. ನೋಡಿ ಮುಗಿಸಿಬಿಡೋಣ” ಎಂದರು. ಮುಗಿಸುವುದು ಎಂದರೆ ಏನೆಂದು ನನಗೆ ತಿಳಿದಿತ್ತು. ನನ್ನ ಕೆಲಸದೊಂದಿಗೆ ಪೊನ್ನಿಯ ಓದೂ ಅಂದೇ ಮುಗಿಯುತ್ತಿತ್ತು.

ಹನ್ನೆರಡನೆಯದನ್ನು ತರಲು ಗುರುವಾರ ಮಧ್ಯಾಹ್ನ ಕೊಂಬೈ ತಲುಪಿದೆ. ಅಪ್ಪ ಔಷಧಿ ಸಿಂಪಡಿಸಿ ಬಂದು ನೀಲಿಯಾದ ಕೈಗಳನ್ನು ತೊಳೆಯುತ್ತಿದ್ದರು. ಅಜ್ಜಿ ಶೆಡ್ಡಿನ ನೆರಳಿನಲ್ಲಿ ಕುಳಿತು, ಗೊಂಚಲುಗಳಿಂದ ಒಡೆದ ಹಣ್ಣುಗಳನ್ನು ಕತ್ತರಿಯಿಂದ ಬಿಡಿಸುತ್ತಿದ್ದರು. ಬೀಗದ ಮೈಮೇಲೆಲ್ಲಾ ನೀಲಿ ಕಲೆಗಳು. ಕೀಲಿಕೈ ತಿರುಗಿಸಲು ನನಗೆ ಧೈರ್ಯವಾಗಲಿಲ್ಲ.

“ಅಪ್ಪಾ, ನೀನೇ ತೆಗಿ” ಎಂದೆ.

“ನಿನ್ನ ಪೂಟ್ಟು, ನೀನೇ ತೆಗಿ. ನಾನ್ ದಿನಾ ತೆಗೀತಿಲ್ಲವಾ?” ಎಂದರು ಅಪ್ಪ.

ದಿನಾ ತೆಗೆಯುತ್ತಿದ್ದಾರೆಯೇ? ನಾನು ಕೀಲಿಕೈ ಹಾಕಿದೆ. ತಿರುಗಿತು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿ, ‘ಟಿಕ್’ ಎಂದು ತೆರೆದುಕೊಂಡಿತು. ಮತ್ತೆ ಹಾಕಿದೆ, ಮತ್ತೆ ತೆಗೆದೆ. ಆರೇಳು ಸಲ ಹಾಗೆಯೇ ಮಾಡಿದೆ. ಸಂತೋಷಕ್ಕಿಂತ ಹೆಚ್ಚಾಗಿ ಗೊಂದಲವಾಯಿತು. ಎಲ್ಲಕ್ಕಿಂತ ಕಠಿಣವಾದ ಜಾಗದಲ್ಲಿದ್ದ ಬೀಗವು ಉಳಿದು ಬೇರೆಲ್ಲವೂ ಸತ್ತದ್ದೇಕೆ?

ಅಜ್ಜಿ ಕತ್ತರಿಯನ್ನು ಕೆಳಗಿಟ್ಟು ಹೇಳಿದರು: “ಏನ್ ಕಣ್ಣು, ಪೂಟ್ಟ ಇಟ್ಕಂಡು ಆಟಾಡ್ತೀಯಾ? ಮೊದ್ಲೇ ಪಾಪ, ಈ ವರ್ಸ ಅದ್ಕೆ ಒಂದು ಬೊಟ್ಟಿಲ್ಲ, ಎಣ್ಣೆ ಇಲ್ಲ. ಚಿಕ್ಕ ತಾತ ಓಗ್ಬುಟ್ಟ ಮೇಲೆ ನಮ್ಮನೇಲಿ ಪೂಜೆ ಎಲ್ಲಿ? ಮೋಟಾರೂ ಅಂಗೇ, ಗುದ್ದಲೀನೂ ಅಂಗೇ, ಒಣಿಕ್ಕಂಡು ಕೂತವೆ.”

ತಾತನ ತಮ್ಮ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ದಾಯಾದಿಗಳ ಮನೆಯಲ್ಲಿ ಸಾವಾದರೆ ನಮ್ಮಲ್ಲಿ ಒಂದು ವರ್ಷ ಹಬ್ಬವಿಲ್ಲ. ಹಬ್ಬವಿಲ್ಲವೆಂದೇ ನಾನು ಆಯುಧಪೂಜೆಗೆ ಊರಿಗೆ ಬಂದಿರಲಿಲ್ಲ.

“ಅಜ್ಜೀ, ಪೂಜೇಲಿ ಪೂಟ್ಟಿಗೂ ಎಣ್ಣೆ ಇಕ್ತೀರಾ?”

“ಇಕ್ಕದೇನು? ತೊಳ್ದು ಒರ್ಸಿ, ಎಳ್ಳೆಣ್ಣೆ ಹಚ್ಚಿ, ಈಬೂತಿ ಇಕ್ಕಿ, ಸಂದಣ ಕುಂಕುಮ ಇಕ್ಬೇಕು. ನೀ ಕಂಡಿಲ್ಲವಾ? ಸೈಕಲ್ ಚೈನಿಗೆಲ್ಲಾ ಸಂದಣ ಮೆತ್ತಿ ನಿಮ್ಮಪ್ಪನ ಕೈಲಿ ಏಟು ತಿಂದವಳಲ್ಲವಾ ನೀನು?”

“ಆದ್ರೆ ಎಲ್ಲಾರ್ನೂ ಕೇಳ್ದೆ ಅಜ್ಜಿ. ಎಣ್ಣೆ ಹಾಕ್ನಿಲ್ಲ ಅಂದ್ರಲ್ಲ!”

“ಪೂಜೆ ಎಣ್ಣೆ ಎಣ್ಣೆ ಎಂಗಾಯ್ತದೆ? ಅದು ಸಾಮಿಗೆ ಇಕ್ಕಿದ್ದು. ಪೂಟ್ಟಿಗೆ ಇಕ್ಕಿದ್ದಾ?” ಎಂದು ಅಜ್ಜಿ ನನ್ನನ್ನೇ ದಡ್ಡಿಯಂತೆ ನೋಡಿದರು.

ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನಾನು, ಗೆರೆ ಎಳೆದು ಸೂಚನೆ ಬರೆಯುವಾಗ ಇದನ್ನು ಒಮ್ಮೆಯೂ ನೆನೆದಿರಲಿಲ್ಲ.

ಅಪ್ಪ ಬಾಗಿಲನ್ನು ತೆಂಗಿನ ಹಗ್ಗದಿಂದ ಕಟ್ಟಿ ಬೀಗವನ್ನು ನನಗೆ ಕೊಟ್ಟರು. ಮರುದಿನ ಬೆಳಿಗ್ಗೆ ದಾರಿಯಲ್ಲಿ ತೇನಿಯಲ್ಲಿ ಇಳಿದು ಹತ್ತಿ ಗೋದಾಮಿಗೆ ಹೋದೆ. ಈ ಸಲ ಎಣ್ಣೆಯ ಮಾತೇ ಎತ್ತದೆ, “ಬೀಗಕ್ಕೆ ಪೂಜೆ ಮಾಡಿದಿರಾ?” ಎಂದು ಕೇಳಿದೆ. ಅಲ್ಲಿನ ಯಜಮಾನತಿ, “ಹೊಸ ಪೂಟ್ಟಲ್ವಾಮ್ಮಾ, ಸ್ವಲ್ಪ ಜಾಸ್ತೀನೇ ಮಾಡಿದೀವಿ” ಎಂದು ಹೆಮ್ಮೆಯಿಂದ ಹೇಳಿದರು.

ಕಾರ್ಖಾನೆಯಲ್ಲಿ, ಊರೂರುಗಳಿಂದ ತಂದಿದ್ದ ಹನ್ನೊಂದು ಬೀಗಗಳು ಮೇಜಿನ ಮೇಲೆ ಸಾಲಾಗಿದ್ದವು. ಪ್ರೊಫೆಸರ್ ಒಂದು ಕಡೆ, ಮೊದಲಾಳಿ ಇನ್ನೊಂದು ಕಡೆ. ಹೇಳಬೇಕಾದ ವಾಕ್ಯಗಳನ್ನು ನಾನು ಬಸ್ಸಿನಲ್ಲಿ ಶುದ್ಧವಾದ ತಮಿಳಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ. ಚೀಲದಿಂದ ಹನ್ನೆರಡನೆಯದನ್ನು ತೆಗೆದು, ಹಾಕಿ ತೆರೆದು ತೋರಿಸಿ, “ಸಾರ್, ಅವು ಪೂಜೆಯಾದ ಬೀಗಗಳು. ಇದು ಪೂಜೆಯಾಗದ ಬೀಗ. ನಮ್ಮ ಮನೆಯಲ್ಲಿ ಸೂತಕ” ಎಂದಷ್ಟೇ ಹೇಳಿದೆ.

ಆಮೇಲೆ ಅವರು ಕೇಳುತ್ತಾ ಹೋದಂತೆ ಅಜ್ಜಿ ಹೇಳಿದ್ದನ್ನೆಲ್ಲಾ ಹೇಳಿದೆ. ಮೇಸ್ತ್ರಿಯವರು ಒಂದು ಬೀಗದ ರಿವೆಟ್ಟುಗಳನ್ನು ಒಡೆದು ಬಿಚ್ಚಿದರು. ಒಳಗೆಲ್ಲಾ ಬೂದು ಬಣ್ಣದ ಮೇಣದಂಥ ಅಂಟು. ಅದನ್ನು ಬೆರಳಿಗೆ ತೆಗೆದುಕೊಂಡು ಮೂಸಿ, “ಸಂದಣ ಘಮ ಅಂತಿದೆ ಮೊದಲಾಳಿ” ಎಂದರು; ಗಂಧದ ವಾಸನೆ ಅದು. ಕೂಡಲೇ ಬಳಸದ ಒಂದು ಬೀಗದ ಭಾಗಗಳಿಗೆ ಎಳ್ಳೆಣ್ಣೆ ಮತ್ತು ಗಂಧ ಹಚ್ಚಿ ಬಿಸಿಲಿನಲ್ಲಿಟ್ಟರು. ಊಟ ಮುಗಿಸಿ ಬರುವಷ್ಟರಲ್ಲಿ ನಮ್ಮ ಲೇಪವು ಉಗುರಿನಿಂದ ಕೆರೆದರೆ ಏಳುತ್ತಿತ್ತು. ಅಂಟು ಎಣ್ಣೆಗೆ ಕರಗಿ, ಗಂಧ ಮತ್ತು ಧೂಳಿನೊಂದಿಗೆ ಸೇರಿ ಬೀಗವನ್ನು ಹಿಡಿದುಬಿಟ್ಟಿತ್ತು.

“ಹಾಗಾದರೆ ಪೂಜೆಗೂ ಎಣ್ಣೆ ಹಚ್ಚಬಾರದೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸೋಣ” ಎಂದರು ಪ್ರೊಫೆಸರ್.

ಮೊದಲಾಳಿಯವರಿಗೆ ನಗು ಬಂತು. “ಮೇಡಂ, ನಮ್ಮ ಕಾರ್ಖಾನೆಯಲ್ಲಿ ಪ್ರತಿ ವರ್ಷ ಯಂತ್ರಗಳಿಗೆ ಎಣ್ಣೆ ಹಚ್ಚಿ ಬೊಟ್ಟು ಇಡೋದು ಯಾರು ಗೊತ್ತಾ? ಇದೇ ಸವರಿಮುತ್ತು. ಭಾನುವಾರ ತಪ್ಪದೆ ಚರ್ಚಿಗೆ ಹೋಗೋ ಮನುಷ್ಯ! ಇವನನ್ನೇ ನಿಲ್ಲಿಸಕ್ಕಾಗಲ್ಲ, ಊರನ್ನ ನಿಲ್ಲಿಸ್ತೀರಾ?”

“ನಾನು ಹಚ್ಚದಿದ್ರೆ ನೀವು ಹಚ್ತೀರಿ ಮೊದಲಾಳಿ. ಆಮೇಲೆ ಯಂತ್ರಕ್ಕಿಂತ ನಿಮ್ಮ ಬಿಳಿ ಅಂಗಿಗೇ ಜಾಸ್ತಿ ಪೂಜೆ ಆಗುತ್ತೆ” ಎಂದರು ಮೇಸ್ತ್ರಿ.

ಆಗ ಪ್ರೊಫೆಸರ್ ಅವರೂ ನಕ್ಕರು. ಎಷ್ಟೋ ದಿನಗಳ ಮೇಲೆ ನಾನು ಕಂಡ ನಗು ಅದು. “ಸರಿ, ಪೂಜೆ ಮಾಡಿಸಿಕೊಳ್ಳುವ ಬೀಗವನ್ನೇ ಮಾಡೋಣ” ಎಂದರು. ಮೇಸ್ತ್ರಿಯವರು, “ನೀವು ಇದನ್ನ ಸುಮ್ಮನೆ ಒಣಗಿಸ್ತೀರಿ. ನಾವು ಪೇಂಟು ಬೇಯಿಸೋ ಒಲೇಲಿ ಬೇಯಿಸಿ ನೋಡೋಣವಾ?” ಎಂದು ಕೇಳಿದರು. ಪ್ರೊಫೆಸರ್ ಚೀಟಿಯೊಂದರಲ್ಲಿ ಬೇಗ ಬೇಗನೆ ಏನನ್ನೋ ಬರೆದುಕೊಂಡರು. ಬೇಯಿಸಿದರೆ ಗಟ್ಟಿಯಾಗುವ ಬೇರೆ ಅಂಟು ಬೇಕೆಂದು ಅವರಿಗೆ ಆ ಗಳಿಗೆಯಲ್ಲಿಯೇ ಹೊಳೆದಿತ್ತು.

“ಇನ್ನೊಂದು ಪೂಜೆವರೆಗೆ ಕಾಯ್ತೀನಿ” ಎಂದು ಮೊದಲಾಳಿ ಎದ್ದರು. ಹೋಗುವ ಮುನ್ನ ನನ್ನತ್ತ ತಿರುಗಿ, “ಅಮ್ಮಾ, ಮುಂದಿನ ಸಲ ಜನರ ಹತ್ರ ಪ್ರಶ್ನೆ ಕೇಳೋಕೆ ಮುಂಚೆ ನಿಮ್ಮ ಅಜ್ಜಿ ಹತ್ರ ಕೇಳಿಕೊಂಡು ಬಾ” ಎಂದರು. ಅದು ಗದರಿಕೆಯಾಗಿರಲಿಲ್ಲ.

ಆ ಒಂದು ವರ್ಷ ನಾವು ವಿಶ್ವವಿದ್ಯಾಲಯದಲ್ಲಿ ಅಂಟನ್ನು ಬದಲಿಸುವುದು, ಮೇಸ್ತ್ರಿಯವರು ದಿಂಡಿಗಲ್ಲಿನಲ್ಲಿ ಬೇಯಿಸುವುದು, ಎಣ್ಣೆ, ಗಂಧ, ಮೈಲುತುತ್ತದ ನೀರು ಎಲ್ಲವನ್ನೂ ಹಚ್ಚಿ ನೋಡುವುದು, ಹೀಗೆಯೇ ನಡೆಯಿತು. 1999ರ ಆಯುಧಪೂಜೆಗೆ ಮತ್ತೆ ಹನ್ನೆರಡು ಬೀಗಗಳನ್ನು ಹಂಚಿದೆವು. ಈ ಸಲ ಸೂಚನಾ ಪತ್ರದಲ್ಲಿ ‘ಪೂಜೆಯನ್ನು ಎಂದಿನಂತೆ ಮಾಡಿ’ ಎಂದು ಬರೆದಿದ್ದೆ. ಆ ವೇಳೆಗೆ ವರ್ಷ ತುಂಬಿದ್ದರಿಂದ ನಮ್ಮ ಮನೆಯಲ್ಲಿಯೂ ಹಬ್ಬವಿತ್ತು. ಅಜ್ಜಿ ನಮ್ಮ ಬೀಗಕ್ಕೆ ಎರಡು ವರ್ಷದ ಎಣ್ಣೆಯನ್ನು ಒಂದೇ ಸಲ ಹಚ್ಚಿದರು. ತಿಂಗಳು ಕಳೆದ ಮೇಲೆ ಹನ್ನೆರಡೂ ತೆರೆದವು. ಒಪ್ಪಂದಕ್ಕೆ ರುಜು ಬಿತ್ತು. ಮರುವರ್ಷ ಆ ಬೀಗವು ಅಂಗಡಿಗೆ ಬಂತು.

ಇಂದಿಗೂ ಯಾರಿಗಾದರೂ ಪ್ರಶ್ನೆಯೊಂದನ್ನು ಬರೆಯಲು ಕುಳಿತಾಗ, ಶೆಡ್ಡಿನ ನೆರಳಿನಿಂದ ಅಜ್ಜಿ ನನ್ನನ್ನು ನೋಡಿದ ಆ ನೋಟವು ನೆನಪಾಗುತ್ತದೆ; ಬರೆದದ್ದನ್ನು ಇನ್ನೊಮ್ಮೆ ಓದಿಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ನನ್ನ ಕೆಲಸ ನಿಲ್ಲಲಿಲ್ಲ. ಒಪ್ಪಂದವಾದ ಮೇಲೆ ದಿಂಡಿಗಲ್ಲಿನ ಪರೀಕ್ಷಾ ಕೊಠಡಿಯಲ್ಲಿ ಅದು ಕಾಯಂ ಆಯಿತು. ಪೊನ್ನಿ ಕಾಲೇಜಿಗೆ ಸೇರಿದಳು. ಅವಳ ನಂತರ ನಮ್ಮ ಮಾವಂದಿರ ಇಬ್ಬರು ಹೆಣ್ಣುಮಕ್ಕಳೂ ಸೇರಿದರು. ತೋಟದ ಶೆಡ್ಡಿಗೆ ಅಪ್ಪ ಆಮೇಲೆ ಬೀಗ ಕೊಳ್ಳಲಿಲ್ಲ. ಅವರ ಮೂರನೆಯ ಸಾವಿಯಾಗಿದ್ದ ಗುಂಡುಕಲ್ಲನ್ನು ನಮ್ಮವ್ವ ಬಚ್ಚಲಿಗೆ ತಂದು ಹಾಕಿಕೊಂಡು, ಸಂಜೆ ತೋಟದಿಂದ ಬಂದ ಮೇಲೆ ಅದರ ಮೇಲೆ ಪಾದ ಉಜ್ಜಿ ತೊಳೆದುಕೊಳ್ಳುತ್ತಾರೆ.